ಗಟ್ಟಿ ಮನುಷ್ಯನ ಬಿಪಿ

ಕಲಬುರಗಿಯ ನಮ್ಮ ಮೆಡಿಕಲ್ ಅಂಗಡಿಯ ಕೌಂಟರ್ ಮೇಲೆ ಒಂದು ಬಿಪಿ ಮಷೀನ್ ಇಟ್ಟಿದ್ದೇನೆ. ಗಿರಾಕಿಗಳಿಗೆ ಪುಕ್ಕಟೆ. ಎರಡು ವರ್ಷದ ಹಿಂದೆ, ತೊಗರಿ ರಾಶಿ ಮುಗಿದು ಗಂಜ್ ಮಾರುಕಟ್ಟೆಗೆ ಗಾಡಿಗಳು ಸಾಲುಗಟ್ಟಿ ಬರುತ್ತಿದ್ದ ಹೊತ್ತಿನಲ್ಲಿ, ಸೇಡಂ ಕಡೆಯ ಹಿರಿಯರೊಬ್ಬರು ಬಂದು ಸುಮ್ನೆ ತೋಳು ಚಾಚಿದರು. 158/94 ಬಂತು. ಅವರಿಗೆ ಸಿಟ್ಟು. "ನಿಮ್ಮ ಮಷೀನ್ ಸುಳ್ಳು ಹೇಳ್ತದ ಬಿಡ್ರಿ. ನನಗೇನಾಗ್ಯಾದ? ಈಗ್ಲೂ ತೊಗರಿ ಚೀಲ ಹೊರ್ತೀನಿ" ಅಂದರು. ಮಷೀನ್ ಸರಿ ಇದೆ ಅಂತ ತೋರಿಸೋಣ ಎಂದು ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿಕೊಂಡು ಬಟನ್ ಒತ್ತಿದೆ.

168/104.

ಹಿರಿಯರು ಮಷೀನ್ ನೋಡಿದರು, ನನ್ನ ಮುಖ ನೋಡಿದರು. "ನೋಡ್ರಿ, ನಾ ಹೇಳ್ಲಿಲ್ಲೇನು, ಕೆಟ್ಟದ ಅದು" ಅಂತ ನಗುತ್ತಾ ಹೋದರು.

ಕೆಟ್ಟಿರಲಿಲ್ಲ. ಅವತ್ತು ಸಂಜೆ ನೋಡಿದೆ, ಮರುದಿನ ಬೆಳಿಗ್ಗೆ ನೋಡಿದೆ, ವಾರವಿಡೀ ನೋಡಿದೆ. 160ರಿಂದ ಕೆಳಗೆ ಇಳಿಯಲೇ ಇಲ್ಲ. ಕೊನೆಗೆ ಡಾಕ್ಟರ್ ಹತ್ತಿರ ಹೋದರೆ ಖಾಲಿ ಹೊಟ್ಟೆಯ ಶುಗರ್ 118. ಶುಗರ್ ಕಾಯಿಲೆ ಅನ್ನಬೇಕಾದರೆ 126 ಮುಟ್ಟಬೇಕು. 100ರಿಂದ 125 ಅಂದರೆ ಹೊಸ್ತಿಲ ಮೇಲೆ ನಿಂತ ಹಾಗೆ, ಒಂದು ಕಾಲು ಒಳಗೆ. ಇಪ್ಪತ್ತು ವರ್ಷದಿಂದ ಬಿಪಿ ಗುಳಿಗೆ, ಶುಗರ್ ಗುಳಿಗೆಯ ಪಟ್ಟಿಗಳನ್ನು ಕತ್ತರಿಸಿ ಕೊಡುತ್ತಾ ಬಂದವನು ನಾನು. ಒಂದು ದಿನವೂ ಆ ಮಷೀನಿಗೆ ನನ್ನ ತೋಳು ಕೊಟ್ಟಿರಲಿಲ್ಲ.

ಡಾಕ್ಟರ್ ಚೀಟಿ ಬರೆದರು. ಉಪ್ಪು ಕಡಿಮೆ ಮಾಡಿ, ನಡೆಯಿರಿ ಅಂದರು. ಎಲ್ಲರಿಗೂ ಕೊನೆಗೆ ಹೇಳುವ ಮಾತನ್ನು ನನಗೂ ಹೇಳಿದರು: "ಟೆನ್ಷನ್ ತಗೋಬ್ಯಾಡ್ರಿ." ನನ್ನ ಕೌಂಟರಿಗೆ ಬರುವವರು ಇದನ್ನೇ ಹೇಳಿ ನಗುತ್ತಾರೆ, ಅದಕ್ಕೊಂದು ಗುಳಗಿ ಬರೀಲಿಲ್ಲ ನೋಡ್ರಿ ಅಂತ. ನಾನು ಮಾತ್ರ ನಗಲಿಲ್ಲ. "ನನಗ ಟೆನ್ಷನ್ ಇಲ್ಲರೀ" ಅಂದೆ. ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಯಾಕೆಂದರೆ ಮನೆಯಲ್ಲಿ, ಓಣಿಯಲ್ಲಿ ನನಗೆ ಒಂದು ಹೆಸರಿದೆ. "ಅವ ಗಟ್ಟಿ ಅದಾನ." ಅಪ್ಪ ತೀರಿಹೋದಾಗ ಅಳದೆ ಕಟ್ಟಿಗೆ, ಶಾಮಿಯಾನ, ಊಟ ಎಲ್ಲ ನೋಡಿಕೊಂಡವನು ನಾನು. ತಮ್ಮನ ಓದು, ತಂಗಿಯ ಮದುವೆ, ಅಂಗಡಿಯ ಸಾಲ, ಎಲ್ಲ ನನ್ನದೇ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಊರಿನಲ್ಲೇ ಆಯಿತಲ್ಲ, ಆಗ ರಸ್ತೆಗಳು ಹೇಗೆ ಬಿಕೋ ಅನ್ನುತ್ತಿದ್ದವು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಒಂದು ದಿನವೂ ಶಟರ್ ಇಳಿಸಲಿಲ್ಲ. ಮನೆಗೆ ಬಂದು ಬಚ್ಚಲಲ್ಲೇ ಬಟ್ಟೆ ಬಿಟ್ಟು, ಅಂಗಳದಲ್ಲಿ ಒಬ್ಬನೇ ಕೂತು ಉಂಡು, ಮರುದಿನ ಎಂಟಕ್ಕೆ ಮತ್ತೆ ಅಂಗಡಿ. ಎಲ್ಲರೂ ಹೊಗಳಿದರು. ನನಗೂ ಹಿತವಾಗಿತ್ತು, ಯಾಕೆ ಸುಳ್ಳು ಹೇಳಲಿ.

ಕಷ್ಟ ಬಂದರೂ ಮುರಿಯದ ಈ ಗುಣಕ್ಕೆ ಪುಸ್ತಕದವರು 'ಮಾನಸಿಕ ಸ್ಥಿತಿಸ್ಥಾಪಕತ್ವ' ಅಂತ ಬರೆಯುತ್ತಾರೆ. ಅದನ್ನು ಉಚ್ಚಾರ ಮಾಡುವಷ್ಟರಲ್ಲೇ ಅರ್ಧ ಬಿಪಿ ಏರುತ್ತದೆ. ಆದರೆ ಪದ ಬಿಡಿಸಿ ನೋಡಿದರೆ ಮಜಾ ಇದೆ. ಹೈಸ್ಕೂಲಿನಲ್ಲಿ ಮಾಸ್ತರು ರಬ್ಬರ್ ಎಳೆದು ಬಿಟ್ಟು ತೋರಿಸಿದ್ದು ಇದನ್ನೇ ಅಲ್ವಾ? ಎಳೆದಾಗ ಹಿಗ್ಗಬೇಕು, ಬಿಟ್ಟಾಗ ಮೊದಲಿನ ಸ್ಥಿತಿಗೆ ಬರಬೇಕು. ನಮ್ಮಲ್ಲಿ ಗಟ್ಟಿ ಅಂತ ಹೊಗಳುವುದು ಶಹಾಬಾದಿ ಕಲ್ಲನ್ನು. ಅದು ಹಿಗ್ಗುವುದೂ ಇಲ್ಲ, ಹಿಂದಕ್ಕೆ ಬರುವುದೂ ಇಲ್ಲ, ಒಂದು ದಿನ ಸೀಳುತ್ತದೆ ಅಷ್ಟೇ. ನಾನು ಇಷ್ಟು ವರ್ಷ ಕಲ್ಲಾಗಿದ್ದೆ, ರಬ್ಬರ್ ಅಂದುಕೊಂಡಿದ್ದೆ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಡಿ.ಫಾರ್ಮಾ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಎದುರಿಗೆ ಹಾವು ಬಂತು ಅನ್ನಿ. ಕಿಡ್ನಿಯ ಮೇಲೆ ಟೊಪ್ಪಿಗೆಯಂತೆ ಕೂತ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ, ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಗಾಯವಾದರೆ ಇರಲಿ ಅಂತ ರಕ್ತ ಬೇಗ ಹೆಪ್ಪುಗಟ್ಟಲೂ ತಯಾರಾಗುತ್ತದೆ. ಓಡು ಇಲ್ಲ ಬಡಿ. ಅಮೆರಿಕದ ವಾಲ್ಟರ್ ಕ್ಯಾನನ್ ಇದನ್ನು ನೂರು ವರ್ಷದ ಹಿಂದೆಯೇ ವಿವರಿಸಿದ. ಹಾವಿಗೆ ಇದು ಸರಿಯಾದ ಏರ್ಪಾಡು. ಓಡುತ್ತೀರಿ, ಸುರಿದ ಸಕ್ಕರೆ ಕಾಲಿನ ಸ್ನಾಯುಗಳಲ್ಲಿ ಖರ್ಚಾಗುತ್ತದೆ, ಹತ್ತು ನಿಮಿಷಕ್ಕೆ ಎಲ್ಲ ಇಳಿಯುತ್ತದೆ. ಆದರೆ ಬ್ಯಾಂಕಿನ ನೋಟಿಸ್ ಬಂದಾಗ? ಎಲ್ಲಿಗೆ ಓಡುತ್ತೀರಿ? ಸ್ಟೂಲ್ ಮೇಲೆ ಕೂತಲ್ಲೇ ಅದೇ ಅಡ್ರಿನಲಿನ್, ಅದೇ ಸಕ್ಕರೆ. ನೋಟಿಸ್ ಜೇಬಿನಲ್ಲೇ ಇದ್ದರೆ ಹಾವು ರಾತ್ರಿ ಹಾಸಿಗೆಗೂ ಬರುತ್ತದೆ. ಆಗ ಒತ್ತಡದ ಎರಡನೆಯ ಹಾರ್ಮೋನು, ಕಾರ್ಟಿಸಾಲ್, ತನ್ನ ಸರದಿ ಶುರು ಮಾಡುತ್ತದೆ. ಅದು ಜಾಸ್ತಿ ದಿನ ಜಾಸ್ತಿಯೇ ಇದ್ದರೆ ಇನ್ಸುಲಿನ್ ಮಾತು ಜೀವಕೋಶಗಳು ಕೇಳುವುದಿಲ್ಲ, ಲಿವರ್ ಸಕ್ಕರೆ ಮಾಡುತ್ತಲೇ ಇರುತ್ತದೆ, ಕೊಬ್ಬು ಹೊಟ್ಟೆಯೊಳಗೆ ಕರುಳಿನ ಸುತ್ತ ಕೂರುತ್ತದೆ.

ಬ್ರೂಸ್ ಮೆಕ್‌ಇವನ್ ಅನ್ನುವ ವಿಜ್ಞಾನಿ 1993ರಲ್ಲಿ ಈ ಸವೆತಕ್ಕೆ ಒಂದು ಹೆಸರು ಕೊಟ್ಟ. ಹೆಸರು ಬೇಡ, ಅರ್ಥ ಸಾಕು: ದೇಹ ಹೊತ್ತು ಇಳಿಸದ ಹೊರೆ. ಒತ್ತಡ ಏರುವುದರಲ್ಲಿ ತಪ್ಪೇನಿಲ್ಲ, ಏರಲೇಬೇಕು. ಏರಿದ್ದು ಇಳಿಯದೆ ಹೋದಾಗ ರಕ್ತನಾಳಗಳು ಸವೆಯುತ್ತವೆ. ನಮ್ಮ ಬಿಪಿ ಕೂಡ ರಾತ್ರಿ ನಿದ್ದೆಯಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯಬೇಕು, ಇಳಿಯದವರಿಗೆ ಹೃದಯದ ಅಪಾಯ ಜಾಸ್ತಿ. ನನಗೆ 24 ಗಂಟೆಯ ಮಷೀನ್ ಕಟ್ಟಿ ನೋಡಿದರು. ನಡುರಾತ್ರಿ ಎರಡು ಗಂಟೆಗೂ 150. ಮಲಗಿದ್ದೆ, ಆದರೆ ಒಳಗೆ ಯಾರೋ ಅಂಗಡಿ ತೆರೆದು ಕೂತಿದ್ದರು.

ನನ್ನ ಮಟ್ಟಿಗೆ ಈ ವಿಷಯ ಶುರುವಾಗುವುದು ಇನ್ನೂ ಹಿಂದೆ, ಕಿಲ್ಲಾರಿಯ ಭೂಕಂಪದಲ್ಲಿ.

1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ಕೆಲವು ನಿಮಿಷ ಕಡಿಮೆ. ಹಿಂದಿನ ರಾತ್ರಿಯಷ್ಟೇ ಗಣಪತಿ ಕಳಿಸಿ ಬಂದಿದ್ದೆವು. ನಮ್ಮ ಊರು ಆಳಂದ ತಾಲ್ಲೂಕಿನಲ್ಲಿ, ಗಡಿ ದಾಟಿದರೆ ಮಹಾರಾಷ್ಟ್ರ. ನನಗೆ ಹನ್ನೊಂದು ವರ್ಷ. ಭೂಮಿಯೊಳಗೆ ಲಾರಿ ಓಡಿದಂತೆ ಶಬ್ದ, ಗೂಡಿನಲ್ಲಿದ್ದ ಪಾತ್ರೆಗಳೆಲ್ಲ ಕೆಳಗೆ. ಮುತ್ಯಾ ನನ್ನನ್ನು ಕೌದಿ ಸಮೇತ ಎತ್ತಿಕೊಂಡು ಅಂಗಳಕ್ಕೆ ಹಾರಿದ. ಲಾತೂರ್ ಕಡೆ ಸುಮಾರು ಹತ್ತು ಸಾವಿರ ಜನ ಸತ್ತರು, ಬಹಳಷ್ಟು ಜನ ಅವರವರ ಕಲ್ಲು-ಮಣ್ಣಿನ ಮಾಳಿಗೆಯ ಅಡಿಯಲ್ಲೇ. ನಮ್ಮಲ್ಲೂ ಅಂಥವೇ ಮನೆಗಳು. ಗೋಡೆ ಬಿರುಕು ಬಿಟ್ಟವು, ಬೀಳಲಿಲ್ಲ.

ಆಮೇಲೆ ಎಷ್ಟೋ ದಿನ ಊರಿಗೆ ಊರೇ ಬಯಲಲ್ಲಿ ಮಲಗಿತು. ಹುಡುಗರಿಗೆ ಜಾತ್ರೆ ಇದ್ದಂಗೆ. ಗೌಡರ ಮನೆಯವರು, ಕೂಲಿಯವರು, ಎಲ್ಲ ಒಂದೇ ಬಯಲಲ್ಲಿ, ಹಾಸಿಗೆ ಮಾತ್ರ ಬೇರೆ ಬೇರೆ ಮೂಲೆ (ಅದು ಭೂಕಂಪಕ್ಕೂ ಬದಲಾಗಲಿಲ್ಲ). ರಾತ್ರಿ ದೊಡ್ಡವರು ಕೂತು ಅದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ನೀ ಎಲ್ಲಿದ್ದಿ, ನಾ ಎಲ್ಲಿದ್ದೆ, ಎತ್ತು ಹೆಂಗ ಕಣ್ಣಿ ಹರಕೊಂತು. ನನಗೆ ಬೇಸರ ಬರುವಷ್ಟು. ಭಜನೆ ಮಾಡುತ್ತಿದ್ದರು. ಒಬ್ಬರು ಹೆದರಿ ಎದ್ದರೆ ನಾಲ್ಕು ಜನ ಎದ್ದು ಕೂರುತ್ತಿದ್ದರು. ಈಗ ಅನಿಸುತ್ತದೆ, ಅವರು ಒಬ್ಬರ ಹೊರೆ ಒಬ್ಬರು ಇಳಿಸುತ್ತಿದ್ದರು ಅಂತ.

ಮೂರೂವರೆ ತಿಂಗಳಾದ ಮೇಲೆ, 1994ರ ಜನವರಿ 17ರ ನಸುಕಿನಲ್ಲಿ, ಲಾಸ್ ಏಂಜಲೀಸ್ ಹತ್ತಿರ ನಾರ್ಥ್‌ರಿಡ್ಜಿನಲ್ಲಿ ಭೂಕಂಪವಾಯಿತು. ಅಲ್ಲಿಯ ವೈದ್ಯರು ಆ ದಿನದ ಸಾವಿನ ದಾಖಲೆ ತೆಗೆದು ನೋಡಿದರು. ರಕ್ತನಾಳದ ಕಾಯಿಲೆಯಿಂದ ಹಠಾತ್ತಾಗಿ ಹೃದಯ ನಿಂತು ಸತ್ತವರು ಹಿಂದಿನ ವಾರ ದಿನಕ್ಕೆ ಸರಾಸರಿ ಐದಕ್ಕಿಂತ ಕಡಿಮೆ, ಭೂಕಂಪದ ದಿನ 24. ಇನ್ನೂ ವಿಚಿತ್ರ ಅಂದರೆ ಮುಂದಿನ ಆರು ದಿನ ಆ ಸಂಖ್ಯೆ ಎಂದಿನದ್ದಕ್ಕಿಂತ ಕೆಳಗೆ ಹೋಯಿತು. ಅಂದರೆ ಮೊದಲೇ ನಾಳ ಸವೆದಿದ್ದವರು, ಇವತ್ತೋ ನಾಳೆಯೋ ಅನ್ನುವಂತಿದ್ದವರು, ಆ ಒಂದು ನಸುಕಿನಲ್ಲಿ ಹೋದರು. ನಮ್ಮ ಹಳ್ಳಿಗಳಲ್ಲಿ "ಎದಿ ಒಡದು ಸತ್ತ" ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ. ಜಪಾನಿನ ವೈದ್ಯರು 1990ರಲ್ಲಿ ಒಂದು ಹೃದಯ ತೊಂದರೆಗೆ ತಕೊತ್ಸುಬೊ ಅಂತ ಹೆಸರಿಟ್ಟರು. ಆಕ್ಟೋಪಸ್ ಹಿಡಿಯುವ ಗಡಿಗೆಯ ಹೆಸರು ಅದು. ದೊಡ್ಡ ದುಃಖವೋ ಆಘಾತವೋ ಆದಾಗ ಹೃದಯದ ಎಡ ಕೋಣೆ ಆ ಗಡಿಗೆಯಂತೆ ಉಬ್ಬಿಕೊಳ್ಳುತ್ತದೆ. ಹೆಚ್ಚಾಗಿ ವಯಸ್ಸಾದ ಹೆಂಗಸರಿಗೆ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ನಮ್ಮ ಸಣ್ಣವ್ವನ ವಿಷಯ ಹೇಳಬೇಕು. ಅವಳ ಊರು ಅಫಜಲಪುರ ತಾಲ್ಲೂಕು, ಭೀಮಾ ದಂಡೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಮನೆಯೊಳಗೆ ಎದೆಮಟ್ಟ ನೀರು. ಶಾಲೆಯಲ್ಲಿ ಕಾಳಜಿ ಕೇಂದ್ರ ಮಾಡಿದ್ದರು, ನಾನು ಗುಳಿಗೆ ಚೀಲ ಹಿಡಿದುಕೊಂಡು ಹೋದೆ. ಸಣ್ಣವ್ವ ವರಾಂಡದಲ್ಲಿ ಕೂತು ಅಳುತ್ತಿದ್ದಳು. ಅಳು ಅಂದರೆ ಸೆರಗು ಬಾಯಿಗಿಟ್ಟ ಅಳು ಅಲ್ಲ. ಹೊಳೆಯನ್ನು ಹೆಸರು ಹಿಡಿದು ಬೈಯುತ್ತಾ, ಹೋದ ಸಾಮಾನು ಒಂದೊಂದೇ ಎಣಿಸುತ್ತಾ. ಜೋಳದ ಚೀಲ, ಮೂರು ವರ್ಷ ಕೂತು ಹೊಲಿದ ಕೌದಿ, ಮಗಳ ಲಗ್ನದ ಫೋಟೊ. ಬಂದವರಿಗೆಲ್ಲ ಮೊದಲಿಂದ ಹೇಳುತ್ತಿದ್ದಳು. ಜನ ನೋಡುತ್ತಿದ್ದಾರೆ ಅಂತ ನನಗೆ ನಾಚಿಕೆ. "ಸಾಕು ಸಣ್ಣವ್ವ, ಗಟ್ಟಿ ಆಗು" ಅಂದೆ.

"ಅಳ್ಲಿಕ್ಕೂ ಬಿಡಂಗಿಲ್ಲೇನೋ? ಅತ್ತು ಮುಗಿಸಿ ಏಳ್ತೀನಿ, ತಡಿ."

ಒಂಬತ್ತನೇ ದಿನ ಫೋನ್ ಮಾಡಿದರೆ ಮನೆಯ ಕೆಸರು ಬಳಿಯುತ್ತಿದ್ದಳು. ಪಕ್ಕದ ಮನೆಯ ಹೆಂಗಸರು ನಾಲ್ಕು ಜನ ಜೊತೆಗೆ. ಒಂದು ದಿನ ಇವಳ ಮನೆ, ಒಂದು ದಿನ ಅವರ ಮನೆ. ಸಣ್ಣವ್ವನಿಗೆ ಶುಗರ್ ಇದೆ, ಗುಳಿಗೆ ನಾನೇ ಕಳಿಸುವುದು, ರಿಪೋರ್ಟ್ ನನಗೇ ಬರುತ್ತದೆ. ಆ ವರ್ಷದ ಕೊನೆಗೆ ಅವಳ ಮೂರು ತಿಂಗಳ ಸರಾಸರಿ ಶುಗರ್ (HbA1c ಅನ್ನುವ ಬೇರೆ ಅಳತೆ) 9 ದಾಟಿತ್ತು. ಮರು ಬೇಸಿಗೆಗೆ 7ರ ಹತ್ತಿರ ಬಂತು. ಏರಿತು, ಇಳಿಯಿತು.

ಒಬ್ಬ ಸಣ್ಣವ್ವನಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಅವಳು ಜೋಳದ ರೊಟ್ಟಿ ಉಂಡು ಹೊಲಕ್ಕೆ ನಡೆದು ಹೋಗುವವಳು. ನಾನು ಹನ್ನೆರಡು ತಾಸು ಸ್ಟೂಲ್ ಮೇಲೆ ಕೂತು, ಬೇಸರವಾದಾಗೆಲ್ಲ ಎದುರಿನ ಬಂಡಿಯಿಂದ ಸುಸಲಾ-ಮಿರ್ಚಿ ತರಿಸುವವನು. ಆದರೆ ಇಲ್ಲೇ ಒಂದು ಸಂಗತಿ ಇದೆ. ಒತ್ತಡ ಬರೀ ಕಾರ್ಟಿಸಾಲ್ ದಾರಿಯಲ್ಲೇ ಬರಬೇಕು ಅಂತಿಲ್ಲ. ಮಿರ್ಚಿ ದಾರಿಯಲ್ಲೂ ಬರುತ್ತದೆ, ಗುಟ್ಕಾ ದಾರಿಯಲ್ಲೂ ಬರುತ್ತದೆ, ನಿದ್ದೆಗೆಟ್ಟ ದಾರಿಯಲ್ಲೂ ಬರುತ್ತದೆ. 1999ರಲ್ಲಿ ಫಲಿತಾಂಶ ಬಂದ ಷಿಕಾಗೋದ ಒಂದು ಪ್ರಯೋಗದಲ್ಲಿ 11 ಜನ ಆರೋಗ್ಯವಂತ ಹುಡುಗರಿಗೆ ಆರು ರಾತ್ರಿ ನಾಲ್ಕೇ ತಾಸು ಮಲಗಲು ಬಿಟ್ಟು ನೋಡಿದರು. ಅಷ್ಟಕ್ಕೇ ಅವರ ದೇಹ ಸಕ್ಕರೆ ಸಂಭಾಳಿಸುವುದರಲ್ಲಿ ತಡವರಿಸಿತು.

ನನ್ನ ಕೌಂಟರಿಗೆ ಕಾಣುವ ದಾರಿ ಇನ್ನೊಂದು. 2022ರ ಕೊನೆಗೆ ತೊಗರಿಗೆ ನೆಟೆ ರೋಗ ಬಂದು, ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ ನಿಂತಿತಲ್ಲ, ಆಗ ತಿಂಗಳ ಗುಳಿಗೆ ಒಯ್ಯುವವರು "ಐದೇ ಕೊಡ್ರಿ" ಅನ್ನಲು ಶುರು ಮಾಡಿದರು. ಉದ್ರಿ ಕೇಳಲೂ ನಾಚಿಕೆ. ಮೊದಲು ತಮ್ಮ ಗುಳಿಗೆ ನಿಲ್ಲಿಸುತ್ತಾರೆ, ಹೆಂಡತಿ ಮಕ್ಕಳದ್ದು ನಿಲ್ಲಿಸುವುದಿಲ್ಲ. ಬಿಪಿ ನೋವು ಕೊಡುವುದಿಲ್ಲವಲ್ಲ, ಅದಕ್ಕೆ. ಇಂಥ ಮನುಷ್ಯನಿಗೆ "ಮನಸ್ಸು ಗಟ್ಟಿ ಮಾಡ್ಕೋರಿ, ಹೃದಯ ಚೆನ್ನಾಗಿರ್ತದ" ಅಂತ ಉಪದೇಶ ಮಾಡಿದರೆ ಹೇಗಿರುತ್ತದೆ? ಫೋನಿನಲ್ಲಿ ದಿನಾ ಬರುವ ವಿಡಿಯೋಗಳು ಹೇಳುವುದು ಇದನ್ನೇ. ನನಗೆ ಸಿಟ್ಟು ಬರುತ್ತದೆ. ಹಾರ್ಟ್ ಅಟ್ಯಾಕ್ ಆದವನಿಗೆ ಕಾಯಿಲೆಯ ಜೊತೆ ತಪ್ಪನ್ನೂ ತಲೆಗೆ ಕಟ್ಟಿದ ಹಾಗೆ.

ಸಂಬಂಧ ಇಲ್ಲ ಅಂತ ಹೇಳುತ್ತಿಲ್ಲ. ಇದೆ, ಜೋರಾಗಿಯೇ ಇದೆ. 2004ರಲ್ಲಿ ಇಂಟರ್‌ಹಾರ್ಟ್ ಅನ್ನುವ ದೊಡ್ಡ ಅಧ್ಯಯನ ಬಂತು. 52 ದೇಶ, ಭಾರತವೂ ಇತ್ತು. ಮೊದಲ ಸಲ ಹಾರ್ಟ್ ಅಟ್ಯಾಕ್ ಆದವರನ್ನೂ ಆಗದವರನ್ನೂ ಹೋಲಿಸಿ ನೋಡಿದಾಗ, ಮನೆಯಲ್ಲೋ ಕೆಲಸದಲ್ಲೋ ಸದಾ ಒತ್ತಡದಲ್ಲಿದ್ದವರಿಗೆ ಅಪಾಯ ಎರಡು ಪಟ್ಟಿಗೂ ಜಾಸ್ತಿ ಕಂಡಿತು. ಅದೇ ಅಧ್ಯಯನದಲ್ಲಿ ನಮ್ಮ ದಕ್ಷಿಣ ಏಷ್ಯಾದವರಿಗೆ ಹಾರ್ಟ್ ಅಟ್ಯಾಕ್ ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲೇ, 53ರ ಆಸುಪಾಸಿನಲ್ಲಿ ಆಗುತ್ತದೆ ಅಂತಲೂ ತಿಳಿಯಿತು. ಆದರೆ ತಂಬಾಕು, ಬಿಪಿ, ಶುಗರ್, ಕೊಬ್ಬು, ಹೊಟ್ಟೆಯ ಬೊಜ್ಜು ಇವೂ ಪಟ್ಟಿಯಲ್ಲಿದ್ದವು. ಮನಸ್ಸೊಂದನ್ನೇ ಹಿಡಿದು ಗುಳಿಗೆ ಬಿಡುವವರು ನನ್ನ ಕೌಂಟರಿಗೆ ವಾರಕ್ಕೊಬ್ಬರು ಬರುತ್ತಾರೆ. "ಈಗ ಟೆನ್ಷನ್ ಇಲ್ಲರೀ, ಬಿಟ್ಟೀನಿ." ಬಿಡಬೇಡಿ ಮಾರಾಯರೇ.

ಹಾಗಾದರೆ ಈ ಗುಣ ಹುಟ್ಟಿನಿಂದ ಬರುತ್ತದಾ? ಹವಾಯಿ ದ್ವೀಪಗಳಲ್ಲಿ ಕವಾಯಿ ಅಂತ ಒಂದಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ನಡುವಯಸ್ಸಿನವರೆಗೂ ಬೆನ್ನು ಹತ್ತಿ ನೋಡಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಮೂವರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದು ನಿಂತರು. ಅವರಿಗೆಲ್ಲ ಸಾಮಾನ್ಯವಾಗಿ ಯಾರೋ ಒಬ್ಬರಿದ್ದರು. ಅಜ್ಜಿ, ಚಿಕ್ಕಮ್ಮ, ಟೀಚರ್, ಪಕ್ಕದ ಮನೆಯವರು. ಇದನ್ನು ಓದಿದಾಗ ಮೊದಲು ನೆನಪಾಗಿದ್ದು ಕೌದಿ ಸಮೇತ ನನ್ನನ್ನು ಎತ್ತಿಕೊಂಡ ಮುತ್ಯಾ. ನಾನು ಗಟ್ಟಿ ಅಂತ ಜನ ಹೇಳುವಾಗ ಅದರಲ್ಲಿ ಅವನ ಪಾಲೆಷ್ಟು, ನನ್ನದೆಷ್ಟು?

ಹೃದಯ ಕೆಟ್ಟ ಮೇಲೆ ಮನಸ್ಸು ಸರಿ ಮಾಡಿದರೆ ಉಪಯೋಗವಿದೆಯಾ ಅನ್ನುವುದಕ್ಕೆ ಉತ್ತರ ನೇರವಾಗಿಲ್ಲ. ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಆಗಿ ಮನಸ್ಸು ಕುಸಿದಿದ್ದ, ಇಲ್ಲವೇ ಒಂಟಿಯಾಗಿದ್ದ 2,481 ಜನರ ಮೇಲೆ ಒಂದು ಪ್ರಯೋಗ ನಡೆದು 2003ರಲ್ಲಿ ಫಲಿತಾಂಶ ಬಂತು. ಕೌನ್ಸೆಲಿಂಗ್ ಕೊಟ್ಟವರ ಮನಸ್ಸು ಸ್ವಲ್ಪ ಹಗುರವಾಯಿತು. ಆದರೆ ಸಾವು, ಎರಡನೇ ಅಟ್ಯಾಕ್ ಕಡಿಮೆಯಾಗಲಿಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೇರೆ ಥರ ಮಾಡಿದರು. 362 ಹೃದ್ರೋಗಿಗಳಲ್ಲಿ ಅರ್ಧ ಜನರನ್ನು ಸಣ್ಣ ಸಣ್ಣ ಗುಂಪು ಮಾಡಿ, ಒಂದು ವರ್ಷ, ಎರಡೆರಡು ತಾಸಿನ 20 ಬೈಠಕ್. ಸಿಟ್ಟು, ಅವಸರ, ಒತ್ತಡ ಇವನ್ನು ದಿನನಿತ್ಯ ಹೇಗೆ ಇಳಿಸಿಕೊಳ್ಳಬೇಕು ಅಂತ. ಅವರಲ್ಲಿ ಮತ್ತೆ ಹೃದಯ-ರಕ್ತನಾಳದ ತೊಂದರೆ ಬರುವುದು ನೂರಕ್ಕೆ 41ರಷ್ಟು ಕಡಿಮೆಯಾಯಿತು. 2011ರಲ್ಲಿ ಬಂದ ಫಲಿತಾಂಶ ಇದು. ಎರಡನೆಯದನ್ನೇ ನಾನು ಜಾಸ್ತಿ ನೆನಪಿಟ್ಟುಕೊಂಡಿದ್ದೇನೆ ಅಂತ ಒಪ್ಪಿಕೊಳ್ಳುತ್ತೇನೆ, ಗುಂಪಿನಲ್ಲಿ ಕೂರುವುದು ನಮ್ಮ ಬಯಲಿಗೆ ಹೊಂದುತ್ತದೆ ನೋಡಿ.

ನನ್ನ ಕಥೆ ಏನಾಯಿತು? ಗುಳಿಗೆ ನುಂಗಿದೆ, ಉಪ್ಪಿನಕಾಯಿ ಬಿಟ್ಟೆ, ಅಂಗಡಿ ಒಂಬತ್ತಕ್ಕೆ ಮುಚ್ಚಿದೆ. ಬೆಳಿಗ್ಗೆ ಅಪ್ಪನ ಕೆರೆಯ ಸುತ್ತ ಇಬ್ಬರು ಗೆಳೆಯರ ಜೊತೆ ನಡಿಗೆ. ಮೊದಲ ತಿಂಗಳು ರಾಜಕೀಯ ಬಿಟ್ಟು ಬೇರೇನೂ ಮಾತಾಡಲಿಲ್ಲ ಮೂವರೂ. ಒಂದು ದಿನ ಅವರಲ್ಲೊಬ್ಬ, ಬ್ಯಾಂಕಿನಲ್ಲಿರುವವನು, ನಡೆಯುತ್ತಾ ನಡೆಯುತ್ತಾ "ನನಗ ಆರು ತಿಂಗಳಿಂದ ನಿದ್ದಿ ಬರ್ಲಾಕತ್ತಿಲ್ಲೋ" ಅಂದ. ನೆಲ ನೋಡುತ್ತಲೇ ಅಂದ. ನಮಗೇನು ಹೇಳಬೇಕೋ ತಿಳಿಯದೆ ಅರ್ಧ ಸುತ್ತು ಸುಮ್ಮನೆ ನಡೆದೆವು. ಆಮೇಲೆ ನಾನು ನನ್ನದು ಹೇಳಿದೆ.

ನನ್ನದು ಅಂದರೆ ಒಂದು ಸಾಲ. 2021ರಲ್ಲಿ ಅಂಗಡಿಗಾಗಿ ಮಾಡಿದ ಎರಡನೇ ಸಾಲ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಟ್ಟಿ ಮನುಷ್ಯ ಹೇಗೆ ಹೇಳುತ್ತಾನೆ? ಕೆರೆ ದಂಡೆಯಲ್ಲಿ ಹೇಳಿದ ಮೇಲೆ ಮನೆಯಲ್ಲಿ ಹೇಳಲು ಇನ್ನೂ ಎರಡು ವಾರ ಬೇಕಾಯಿತು. ಹೆಂಡತಿ ಎಲ್ಲ ಕೇಳಿ, "ಇಷ್ಟ ಏನು? ನಾ ಇನ್ನೇನೋ ಅಂದ್ಕೊಂಡಿದ್ದೆ" ಅಂದಳು. ನಿರಾಳವಾಯಿತು. ಆದರೆ ಒಂದು ತಾಸು ಬಿಟ್ಟು ಜಗಳ ಶುರುವಾಗಿ ಮೂರು ದಿನ ನಡೆಯಿತು. ಸಾಲದ ಬಗ್ಗೆ ಅಲ್ಲ, ಮೂರು ವರ್ಷ ಹೇಳದೆ ಇದ್ದದ್ದರ ಬಗ್ಗೆ. ನಾನೇನು ನಿಮ್ಮ ಮನ್ಯಾಗ ಬಾಡಿಗಿಗಿದ್ದೀನೇನ್ರಿ ಅಂದಳು. ಮನಸ್ಸು ಹಂಚಿಕೊಂಡರೆ ಬಿಪಿ ಇಳಿಯುತ್ತದೆ ಅನ್ನುತ್ತಾರಲ್ಲ, ಆ ವಾರ ನನ್ನದು 170.

ಆಮೇಲೆ ಇಳಿಯಿತು. ನಾಲ್ಕೈದು ತಿಂಗಳು ಹಿಡಿಯಿತು. ಗುಳಿಗೆಯಿಂದ ಎಷ್ಟು, ಕೆರೆಯ ಸುತ್ತಿನಿಂದ ಎಷ್ಟು, ಜಗಳದಿಂದ ಎಷ್ಟು ಅಂತ ಲೆಕ್ಕ ಹಾಕುವುದು ಬಿಟ್ಟಿದ್ದೇನೆ. ಶುಗರ್ ಇನ್ನೂ ಹೊಸ್ತಿಲ ಮೇಲೇ ಇದೆ, 109. ಅಂಗಡಿಯ ಶಟರ್ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಂಟಿಸಿದ್ದೇನೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಎದುರಿಗೆ ಅದನ್ನು ಯಾರೂ ಓದುವುದಿಲ್ಲ. ರಾತ್ರಿ ಶಟರ್ ಇಳಿಸಿ ಬೀಗ ಹಾಕುವಾಗ ಒಮ್ಮೆ ಇಬ್ಬರು ಬೈಕ್ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗಿದ್ದು ನೋಡಿದ್ದೇನೆ.

ಸೇಡಂ ಹಿರಿಯರು ಈ ಸಲವೂ ರಾಶಿ ಮುಗಿಸಿ ಬಂದರು. ಈಗ ತಿಂಗಳ ಗುಳಿಗೆ ಅವರೂ ಒಯ್ಯುತ್ತಾರೆ. ಸ್ಟೂಲ್ ಎಳೆದು ಕೂತರು, ಆದರೆ ತೋಳು ಕೊಡಲಿಲ್ಲ.

"ಮೊದಲು ನಿಮ್ಮದು ನೋಡ್ಕೋರಿ."

ಸುತ್ತಿಕೊಂಡೆ. ಪಟ್ಟಿ ಉಬ್ಬಿ, ಹಿಡಿದು, ನಿಧಾನವಾಗಿ ಬಿಟ್ಟಿತು. 134/86. ಹಿರಿಯರು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು.

"ಹಾಂ, ಈಗ ರಿಪೇರಿ ಮಾಡಿಸೀರಿ" ಅಂತ ಅಂಗಿಯ ತೋಳು ಮೇಲೆ ಮಡಚಿದರು.